ಬನ್ನಕ್ಕನ ಎರಡು ಓವನ್

ಬೀದಿದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಒಂದು ಬಾಗಿಲು ತೆರೆದಿದೆ. ಒಳಗೆ ಕಾಲಿಡಹೊರಟ ನನ್ನನ್ನು ಬನ್ನಕ್ಕ ಹೊಸ್ತಿಲಲ್ಲೇ ತಡೆಯುತ್ತಾರೆ. "ನಿಲ್ಲಿ ನಿಲ್ಲಿ, ಬಿಸ್ಕೆಟ್ ತಿಂದ್ಕೊಂಡು ಬಂದಿದ್ದೀರಿ. ಅಂಗಿ ಮೇಲೆ ಪುಡಿ ಇದೆ. ಕೊಡವಿ, ಕೈ ತೊಳ್ಕೊಂಡು ಬನ್ನಿ." ಪತ್ರಿಕೆಗೆ ಇವರ ಸಂದರ್ಶನ ಮಾಡಲು ಬಂದ ನಾನು ಪೆಚ್ಚುಮೋರೆ ಹಾಕಿಕೊಂಡು ನಲ್ಲಿಯ ಕಡೆ ನಡೆಯುತ್ತೇನೆ.

ಈ ಬೇಕರಿಯಲ್ಲಿ ಎರಡು ಕೋಣೆ, ಎರಡು ಓವನ್. ಒಳಗಿನ ಚಿಕ್ಕ ಓವನ್ನಿನಲ್ಲಿ ಗೋಧಿ ತಿನ್ನಬಾರದವರಿಗಾಗಿ ಅಕ್ಕಿಹಿಟ್ಟಿನ ಬ್ರೆಡ್ಡು. ಹೊರಗಿನ ದೊಡ್ಡದರಲ್ಲಿ ನಮ್ಮ ನಿಮ್ಮಂಥವರಿಗೆ ಗೋಧಿಯದು. ಒಳಗಿನದು ಬೆಂದು, ಆರಿ, ಕವರ್ ಸೇರಿ, ಆ ಬಾಗಿಲು ಮುಚ್ಚಿದ ಮೇಲೆಯೇ ಹೊರಗೆ ಗೋಧಿಹಿಟ್ಟಿನ ಚೀಲದ ಬಾಯಿ ಬಿಚ್ಚುವುದು. "ಹಿಟ್ಟು ಹಾರಿ ಎಲ್ಲೆಲ್ಲಿ ಹೋಗಿ ಕೂರುತ್ತೋ ಯಾರಿಗೆ ಗೊತ್ತು. ಅದಕ್ಕೇ ಮೊದಲು ಅವರದು, ಆಮೇಲೆ ನಮ್ಮದು," ಎನ್ನುತ್ತಾರೆ ಬನ್ನಕ್ಕ.

ಮೊದಲು ಇವರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಸ್ವಂತಕ್ಕೆ ಬನ್ನು ಸುಡಲು ಶುರುಮಾಡಿದರು, ಅಡ್ಡಹೆಸರು ಅಲ್ಲಿಂದ ಅಂಟಿಕೊಂಡಿತು. ಒಮ್ಮೆ ಒಬ್ಬ ತಾಯಿ ಬಂದು, ಮಗುವಿಗೆ ಗೋಧಿಯಿಲ್ಲದ ಬ್ರೆಡ್ಡು ಮಾಡಿಕೊಡುತ್ತೀರಾ ಎಂದು ಕೇಳಿದಳಂತೆ. "ಹ್ಞೂಂ ಅಂದ್ಬಿಟ್ಟೆ. ಆಮೇಲೆ ತಿಂಗಳುಗಟ್ಟಲೆ ಇಟ್ಟಿಗೆ ಸುಟ್ಟೆ. ಎಸೆದ್ರೆ ನಾಯಿನೂ ಮೂಸಲಿಲ್ಲ," ಎಂದು ನಗುತ್ತಾರೆ. ಈಗ ದಿನಕ್ಕೆ ಮೂವತ್ತು ಅಕ್ಕಿ ಬ್ರೆಡ್ಡು ಖರ್ಚಾಗುತ್ತದೆ.

ಗೋಧಿ ಯಾಕೆ ಬೇಡ, ಕಾರಣ ತೋರಿಸಿ ಎಂದರೆ ಗೋಧಿಹಿಟ್ಟಿನ ಉಂಡೆಯೊಂದನ್ನು ಎಳೆದು ತೋರಿಸುತ್ತಾರೆ. ಅದು ಹರಿಯದೆ ಹಿಗ್ಗುತ್ತದೆ. ಈ ಜಿಗುಟಿಗೆ ಗ್ಲುಟೆನ್ ಎಂದು ಹೆಸರು. ಸೀಲಿಯಾಕ್ ಕಾಯಿಲೆ ಇದ್ದವರ ಕರುಳನ್ನು ಕೆಡಿಸುವುದು ಇದೇ.

ಗಲ್ಲಾದಲ್ಲಿ ಕೂರುವ ಬನ್ನಕ್ಕನ ತಂಗಿಗೂ ಆ ಕಾಯಿಲೆಯ ಅನುಮಾನ. ಹೊಟ್ಟೆನೋವು ತಾಳಲಾರದೆ ಆಕೆ ವರ್ಷದ ಹಿಂದೆ ತಾನಾಗಿಯೇ ಗೋಧಿ ಬಿಟ್ಟಳು, ಹೊಟ್ಟೆ ಹಗುರಾಯಿತು. ಆಮೇಲೆ ರಕ್ತಪರೀಕ್ಷೆ ಮಾಡಿಸಿದರೆ ಏನೂ ಇಲ್ಲ! ಗೋಧಿಯೇ ತಿನ್ನದ ಮೈಯಲ್ಲಿ ಗೋಧಿಯ ಮೇಲಿನ ಸಿಟ್ಟು ಹುಡುಕಿದರೆ ಸಿಗುವುದೆಲ್ಲಿ? ಡಾಕ್ಟರು ಹೇಳಿದ್ದು ಇಷ್ಟು: ಆರು ವಾರ ದಿನಾ ಎರಡು ಹೊತ್ತು ಗೋಧಿ ಬ್ರೆಡ್ಡು ತಿಂದು ಬನ್ನಿ, ತಡೆಯಲಾಗದಿದ್ದರೆ ಕೂಡಲೇ ಫೋನ್ ಮಾಡಿ.

ನನಗೆ ಇದು ಬಲು ವಿಚಿತ್ರ ಅನ್ನಿಸುತ್ತದೆ. ಊರವರ ಬ್ರೆಡ್ಡಿನಿಂದ ಗೋಧಿ ತೆಗೆಯುವ ಅಕ್ಕ, ಒಡಹುಟ್ಟಿದವಳಿಗೆ ಅದನ್ನೇ ಬಡಿಸಬೇಕು. ತಂಗಿಯನ್ನು ಕೇಳಿದರೆ, "ಇದ್ರೆ ಇದೆ ಅನ್ಲಿ, ಇಲ್ಲಾಂದ್ರೆ ಇಲ್ಲ ಅನ್ಲಿ. ಇರಬಹುದು, ಇರಬಹುದು ಅಂತ ಎಷ್ಟು ವರ್ಷ ಬದುಕೋದು?" ಎನ್ನುತ್ತಾಳೆ. ಐದು ವಾರ ಕಳೆದಿದೆ, ಪರೀಕ್ಷೆಗೆ ಇನ್ನು ಒಂದೇ ವಾರ.

ಅಷ್ಟರಲ್ಲಿ ಇವರ ಅಮ್ಮ ತಿಂಡಿ ತಟ್ಟೆ ತಂದಿಡುತ್ತಾರೆ. ಬ್ರೆಡ್ ಕತ್ತರಿಸುವ ಕೆಲಸ ಅವರದು. ತಂಗಿಯ ಪಾಲಿನ ಬ್ರೆಡ್ಡಿಗೆ ಜಾಮು ಬಳಿದೇ ಬಳಿದಿದ್ದಾರೆ. "ಈ ವಾರ ನೋವೇ ಇಲ್ಲ," ಎಂದು ತಂಗಿ ನನಗೆ ಹೇಳುತ್ತಾಳೆ. ಒಳ್ಳೆಯದಾಯಿತಲ್ಲ ಎಂದುಕೊಳ್ಳುತ್ತೇನೆ. ಬನ್ನಕ್ಕನ ಕೈ ಮಾತ್ರ ನಿಲ್ಲುತ್ತದೆ. ಆ ಬ್ರೆಡ್ಡಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಗೋಧಿಯದಾದರೆ ಮತ್ತೆ ಮೇಲೇಳಬೇಕು. ಇದು ಪುಡಿಯಾಗುತ್ತದೆ.

"ಅಮ್ಮಾ, ಇದು ಒಳಗಿನ ಓವನ್ನಿಂದು."

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ. "ಹೊಟ್ಟೆ ಹಿಡ್ಕೊಂಡು ಕೂತಿದ್ಳು. ನೋಡಕ್ಕಾಗ್ಲಿಲ್ಲ ಕಣೇ."

ತಂಗಿ ತಲೆ ತಗ್ಗಿಸುತ್ತಾಳೆ. "ನಂಗೂ ಅನುಮಾನ ಇತ್ತಕ್ಕ. ನೋವಿಲ್ವಲ್ಲ ಅಂತ ಸುಮ್ನಿದ್ದೆ."

"ಸರಿಹೋಯ್ತು," ಎನ್ನುತ್ತಾರೆ ಬನ್ನಕ್ಕ. ಅವರಿಗೆ ನಿಜಕ್ಕೂ ಕೋಪ ಬಂದಿದೆ. "ಮತ್ತೆ ಏನೂ ಇಲ್ಲ ಅಂತಾನೇ ಬರೋದು. ಇಷ್ಟು ದಿನ ನರಳಿದ್ದೆಲ್ಲ ನೀರಲ್ಲಿ ಹೋಮ. ನೀನು ಯಾಕಮ್ಮ ಹೀಗೆ ಮಾಡ್ದೆ?"

"ಆ ನೋವು ಏನೂಂತ ನಂಗೊತ್ತು, ಅದಕ್ಕೆ."

"ನಿಂಗೆ ಹೇಗೆ ಗೊತ್ತು?"

ಅಮ್ಮ ತಡೆದು ತಡೆದು ಹೇಳುತ್ತಾರೆ. "ಚಿಕ್ಕಂದಿನಿಂದ ಇದೆಯಲ್ಲ. ತಿಂದ್ಮೇಲೆ ಎಲ್ಲರಿಗೂ ಹೀಗೇ ನೋಯುತ್ತೆ ಅಂದ್ಕೊಂಡಿದ್ದೆ."

ನಾನು ಪೆನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ. ಹೊರಗೆ ಮೊದಲ ಗಿರಾಕಿ ಗಂಟೆ ಒತ್ತುತ್ತಾನೆ, ತಂಗಿ ಎದ್ದು ಹೋಗುತ್ತಾಳೆ.

ಆಸ್ಪತ್ರೆ ತೆರೆದ ಹೊತ್ತಿಗೆ ಬನ್ನಕ್ಕ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳುತ್ತಾರೆ. ತಂಗಿಯದು ಮತ್ತೆ ಮೊದಲಿನಿಂದ ಲೆಕ್ಕ. ಒಂದೇ ರಕ್ತವಾದ್ದರಿಂದ ಅಮ್ಮನಿಗೂ ಪರೀಕ್ಷೆ ಆಗಲಿ ಅಂದರಂತೆ. ಅಮ್ಮನಿಗೆ ಯಾವ ತಯಾರಿಯೂ ಬೇಡ. ಒಂದು ದಿನವೂ ಗೋಧಿ ಬಿಟ್ಟವರಲ್ಲ, ನಾಳೆಯೇ ಬರಬಹುದು.

ಬನ್ನಕ್ಕ ಹೊರಗಿನ ಓವನ್ನಿನಿಂದ ಬಿಸಿ ಬ್ರೆಡ್ಡು ತೆಗೆದು, ತಾವೇ ಎರಡು ಹೋಳು ಕತ್ತರಿಸಿ, ಜಾಮು ಸವರದೆ ತಂಗಿಯ ಮುಂದಿಡುತ್ತಾರೆ. ಅವಳು ಮುಖ ಕಿವುಚಿಕೊಂಡೇ ಕಚ್ಚುತ್ತಾಳೆ. ಅಮ್ಮ ಅಭ್ಯಾಸಬಲದಿಂದ ತಮ್ಮ ಪಾಲಿಗೂ ಕೈ ಚಾಚುತ್ತಾರೆ.

ನಿಮಗೇನು ಆಸೆ ಎಂದು ಹೊರಡುವ ಮುನ್ನ ಕೇಳುತ್ತೇನೆ. ಬನ್ನಕ್ಕ ಅಮ್ಮನ ಕೈಯನ್ನೇ ನೋಡುತ್ತಿದ್ದಾರೆ.

"ಇಷ್ಟು ವರ್ಷ ಅಮ್ಮಂಗೆ ದಿನಾ ಬೆಳಿಗ್ಗೆ ಬ್ರೆಡ್ ಕೊಟ್ಟಿದ್ದು ನಾನೇ. ಯಾವ ಓವನ್ನಿಂದು ಕೊಡ್ಬೇಕಿತ್ತು ಅಂತ ಗೊತ್ತಾದ್ರೆ ಸಾಕು."