ತಡವಾಗಿ ಕೊಯ್ದ ಹುಲ್ಲು

ನನ್ನ ಹೆಂಡತಿಯ ಅಣ್ಣ ಆರ್ವಿಡ್ ಸೋರೆನ್ಸನ್‌ನದು ನೆಬ್ರಾಸ್ಕಾದ ಮರಳುದಿಬ್ಬಗಳ ನಡುವೆ ದೊಡ್ಡ ಹುಲ್ಲುಗಾವಲು. ಸೊಂಟ ಕೈಕೊಟ್ಟ ಮೇಲೆ ದನಗಳನ್ನೆಲ್ಲ ಮಾರಿ, ಒಣಹುಲ್ಲಿನ ವ್ಯಾಪಾರದಲ್ಲೇ ಬದುಕುತ್ತಿದ್ದ. ಅವನ ಹುಲ್ಲೆಂದರೆ ಸುತ್ತಲಿನವರು ಕಣ್ಣುಮುಚ್ಚಿ ಕೊಳ್ಳುತ್ತಿದ್ದರು.

ಆ ಬೇಸಿಗೆ ಮಳೆ ಚೆನ್ನಾಗಿ ಬಿತ್ತು. ಜುಲೈ ಮೊದಲ ವಾರ ಕೊಯ್ಯಬೇಕಾದ ಹುಲ್ಲು ಇನ್ನೂ ಏಳುತ್ತಲೇ ಇತ್ತು. ಒಂದು ವಾರ ಬಿಡೋಣ ಎಂದ, ಆಮೇಲೆ ಇನ್ನೊಂದು, ಮತ್ತೊಂದು ವಾರ. ನಾನು ಕೇಳಿದ್ದಕ್ಕೆ, ಬೆಳೆಯುವುದನ್ನು ಯಾಕೆ ತಡೆಯಬೇಕು ಎಂದು ನಕ್ಕ. ಆಗಸ್ಟಿನಲ್ಲಿ ಕೊಯ್ದಾಗ ಯಂತ್ರ ಸುತ್ತಿದ ಹುಲ್ಲಿನ ಸುರುಳಿಗಳು ಹಿಂದಿನ ವರ್ಷದ ಒಂದೂವರೆ ಪಟ್ಟಾದವು. ಆದರೆ ಹುಲ್ಲು ಬೀಜ ಉದುರಿಸಿ, ಕಾಂಡವೆಲ್ಲ ಪೊರಕೆಕಡ್ಡಿಯಂತಾಗಿತ್ತು. ಪರೀಕ್ಷೆಗೆ ಕಳಿಸಿದ್ದರ ಫಲಿತಾಂಶ ಬಂತು: ಪ್ರೋಟೀನು ನೂರಕ್ಕೆ ಐದೂ ಇಲ್ಲ. ಅಂಥ ಹುಲ್ಲಿನಿಂದ ಗಬ್ಬದ ಹಸುವಿನ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಜೊತೆಗೆ ಹಿಂಡಿ ಹಾಕಲೇಬೇಕು. ಆರ್ವಿಡ್ ಆ ಕಾಗದವನ್ನು ಅಡುಗೆಮನೆಯ ಡ್ರಾಯರಿಗೆ ತುರುಕಿದ.

ಮರುವಾರವೇ ಪಕ್ಕದ ಲೊರೇನ್ ಪಾವೆಲ್ಕಾ ಬಂದಳು. ಗಂಡ ಎಮಿಲ್ ತೀರಿಕೊಂಡ ಮೇಲೆ, ಮಾಂಸಕ್ಕೆ ಸಾಕುವ ತೊಂಬತ್ತು ದನಗಳನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದವಳು. ಅವಳ ತಗ್ಗು ನೆಲದ ಹುಲ್ಲು ನೀರು ನಿಂತು ಕೊಳೆತಿತ್ತು. ಆರ್ವಿಡ್ ಒಳ್ಳೆಯ ಹುಲ್ಲಿನ ಬೆಲೆಯನ್ನೇ ಹೇಳಿದ. ಪರೀಕ್ಷೆ ಮಾಡಿಸಿದೆಯಾ ಎಂದು ಅವಳು ಕೇಳಲಿಲ್ಲ.

"ನಿನ್ನ ಹುಲ್ಲು ತಾನೇ," ಎಂದಳು, ಅಷ್ಟೇ.

ಜನವರಿಯ ಹೊತ್ತಿಗೆ ಅವಳ ಹಸುಗಳ ಬೆನ್ನುಮೂಳೆ ಎಣಿಸಬಹುದಾಗಿತ್ತು. ಸಾಲುತ್ತಿಲ್ಲವೆಂದು ಅವಳು ಇನ್ನಷ್ಟು ಹಾಕಿದಳು. ದನಗಳು ಎಲೆ ಹೆಕ್ಕಿಕೊಂಡು ಕಡ್ಡಿಯನ್ನು ಹಿಮದಲ್ಲಿ ತುಳಿದವು. ಏಪ್ರಿಲ್‌ವರೆಗೆ ಬರಬೇಕಾದ ಹುಲ್ಲು ಫೆಬ್ರವರಿಯಲ್ಲೇ ತಳ ಕಂಡಿತು. ದುಬಾರಿ ಹಿಂಡಿ ತರಿಸಲು ಹದಿನಾಲ್ಕು ಹಸು ಮಾರಿದಳು.

ಮಾರ್ಚಿನಲ್ಲಿ ಒಂದು ಹಸು ಕರು ಹಾಕಲು ಶಕ್ತಿಯಿಲ್ಲದೆ ಬಿದ್ದುಕೊಂಡಿತು. ನಾನೂ ಆರ್ವಿಡ್ಡೂ ಹೋಗಿ ಕರುವನ್ನು ಎಳೆದು ತೆಗೆದೆವು. ಹಸು ಉಳಿಯಲಿಲ್ಲ. ಲೊರೇನ್ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಕೂತಿದ್ದಳು.

"ತಪ್ಪು ನಂದೇ ಕಣೋ ಆರ್ವಿಡ್. ಎಮಿಲ್ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ. ನಂಗೆ ದನ ಸಾಕೋಕೇ ಬರಲ್ಲ."

ಅವನು ತಲೆ ತಗ್ಗಿಸಿ ಕರುವಿನ ಮೈ ಒರೆಸುತ್ತಲೇ ಇದ್ದ.

ವಾಪಸ್ ಬರುವಾಗ ಡ್ರಾಯರಿಗೆ ತುರುಕಿದ ಕಾಗದದ ವಿಷಯವನ್ನೆಲ್ಲ ನನಗೆ ಹೇಳಿಕೊಂಡ. ನಾನೂ ದೊಡ್ಡ ಮನುಷ್ಯನೇನಲ್ಲ. ಈಗ ಹೇಳಿ ಪ್ರಯೋಜನವೇನು, ಸುಮ್ಮನಿರು ಎಂದೆ. ಮರುದಿನ ಅವನು ಇಪ್ಪತ್ತು ಚೀಲ ಹಿಂಡಿ ಕೊಂಡು ಅವಳ ಕೊಟ್ಟಿಗೆಯಲ್ಲಿ ಇಳಿಸಿ ಬಂದ. ಅದರ ಋಣಕ್ಕೆ ಅವಳು ಸೇಬಿನ ಪೈ ಎಂಬ ಸಿಹಿತಿಂಡಿ ಮಾಡಿ ಕಳಿಸಿದಳು. ಅದು ಅವನ ಮೇಜಿನ ಮೇಲೆ ನಾಲ್ಕು ದಿನ ಮುಟ್ಟದೆ ಹಾಗೇ ಇತ್ತು. ಐದನೆಯ ದಿನ ಆರ್ವಿಡ್ ಡ್ರಾಯರಿನ ಕಾಗದ ತೆಗೆದುಕೊಂಡು ಅವಳ ಮನೆಗೆ ಹೊರಟ. ನನ್ನನ್ನೂ ಕರೆದ.

ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಇದು ಯಾವಾಗ ಬಂತು?"

"ನೀನು ಹುಲ್ಲಿಗೆ ಬರೋಕೆ ಮುಂಚೆ."

ಅವಳು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು. ಹುಲ್ಲಿನ ದುಡ್ಡು, ಹಿಂಡಿಯ ಖರ್ಚು, ಹೋದ ಹಸುಗಳ ಬೆಲೆ, ಎಲ್ಲ ಕೊಡುತ್ತೇನೆ ಎಂದು ಅವನು ತೊದಲಿದ.

"ಕೊಡು, ತಗೋತೀನಿ," ಎಂದಳು. "ಆದ್ರೆ ಇಡೀ ಚಳಿಗಾಲ ನನ್ನನ್ನ ನಾನೇ ಬೈಕೊಂಡು ಕೂತಿದ್ನಲ್ಲ, ಅದಕ್ಕೇನು ಕೊಡ್ತೀಯ?"

ಆರ್ವಿಡ್ ಹೊಳೆದಂಡೆಯ ಒಂದು ತುಂಡು ನೆಲ ಮಾರಿ ಪೂರಾ ತೀರಿಸಿದ. ಅವಳು ಊರಲ್ಲಿ ಯಾರಿಗೂ ವಿಷಯ ಹೇಳಲಿಲ್ಲ. ಬೈದಾಡಿದ್ದರೆ ನಿದ್ದೆಯಾದರೂ ಬರುತ್ತಿತ್ತು ಎನ್ನುತ್ತಾನೆ ಅವನು. ಈಗ ಜುಲೈ ಮೊದಲ ವಾರವೇ ಕೊಯ್ಯುತ್ತಾನೆ. ಸುರುಳಿ ಕಡಿಮೆ, ಹುಲ್ಲು ಮೆತ್ತಗೆ, ಹಸಿರು. ಲೊರೇನ್ ಮಾತ್ರ ಎಂಬತ್ತು ಮೈಲಿ ಆಚೆಯಿಂದ ಲಾರಿ ಬಾಡಿಗೆ ಕೊಟ್ಟು ಹುಲ್ಲು ತರಿಸುತ್ತಾಳೆ. ಆ ಲಾರಿಗಳು ಆರ್ವಿಡ್‌ನ ಗೇಟಿನ ಮುಂದೆಯೇ ಹಾದುಹೋಗಬೇಕು. ಸದ್ದು ಕೇಳಿದರೆ ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಒಳಗೆ ಹೋಗುತ್ತಾನೆ.