ನೇರಲಗುಂಡಿಗೊಂದು ನಿಲುಗಡೆ

ಅನಗೋಳದ ಸಿದ್ದಪ್ಪನ ಮನೆಯಲ್ಲಿ ಪಾವಟಿಗೆಯ ಬುಡಕ್ಕೆ ಒಂದು ಗೂಡಿತ್ತು. ಮಾಳಿಗೆಗೆ ಹತ್ತುವ ಮೆಟ್ಟಿಲು ಇಳಿಜಾರಾಗಿ ಬಂದು ನೆಲ ಮುಟ್ಟುವಲ್ಲಿ ಉಳಿದ ಜಾಗ ಅದು. ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ಕೂತರೆ ತುಂಬಿ ಹೋಗುತ್ತಿತ್ತು. ಬೇರೆಯವರ ಮನೆಯಲ್ಲಿ ಅಂಥ ಗೂಡಿನೊಳಗೆ ತೂತು ಬಿದ್ದ ಕೊಡ, ಹಳೇ ಪೇಪರು, ಬಿಸಾಡಲು ಮನಸ್ಸಿಲ್ಲದ ಗ್ರೈಂಡರು ಇರುತ್ತವೆ. ಸಿದ್ದಪ್ಪ ಅದನ್ನೆಲ್ಲ ಮಾಳಿಗೆಗೆ ಸಾಗಿಸಿ, ಗೂಡಿನಲ್ಲಿ ಬೆಳಗಾವಿಯಿಂದ ಖಾನಾಪುರದವರೆಗೆ ರೈಲು ಹಾಕಿದ.

ಹುಚ್ಚು ಅಂದರೆ ಹುಚ್ಚೇ. ಆದರೆ ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಏನಾದರೊಂದು ಹಿಡಿಯುವುದು ಇದ್ದದ್ದೇ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ರಾಜಕಾರಣ. ಸಿದ್ದಪ್ಪನಿಗೆ ರೈಲು ಹಿಡಿಯಿತು. ಅವನು ಹುಟ್ಟಿದ್ದು ಖಾನಾಪುರದಲ್ಲಿ. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿದ್ದ. ಹರೆಯದಲ್ಲಿ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬೆಳಗಾವಿಗೆ ಬಂದು ವಾಹನಗಳ ಸೀಟು ಹೊಲಿಯುವುದನ್ನು ಕಲಿತ. ಈಗ ಆಟೋ ನಗರದಲ್ಲಿ ಅವನದೇ ಅಂಗಡಿ. ಟೆಂಪೋ ಬರಲಿ, ಟ್ರ್ಯಾಕ್ಟರ್ ಬರಲಿ, ಸ್ಪಂಜು ತುಂಬಿ ರೆಕ್ಸಿನ್ ಬಿಗಿದು ಕಳಿಸುತ್ತಾನೆ. ದಿನವಿಡೀ ಊರ ಮಂದಿಗೆಲ್ಲ ಕೂರುವ ಜಾಗ ಮಾಡಿಕೊಟ್ಟವನಿಗೆ ತನ್ನದೂ ಒಂದು ಜಾಗ ಇರಲಿ ಅನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಖಡೇ ಬಜಾರದಿಂದ ಒಂದು ಆಟಿಕೆ ಎಂಜಿನ್ನು, ಎರಡು ಡಬ್ಬಿ, ಒಂದಿಷ್ಟು ಹಳಿ ತಂದ. ಅಂಗಡಿಯ ಚೂರು ಸ್ಪಂಜಿಗೆ ಹಸಿರು ಬಣ್ಣ ಅದ್ದಿ ಖಾನಾಪುರದ ಕಾಡು ಮಾಡಿದ. ನೀಲಿ ರೆಕ್ಸಿನ್ನು ಮಲಪ್ರಭೆಯಾಯಿತು. ಗದ್ದೆಗಳಿಗೆ ಏನು ಹಾಸುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಹೆಂಡತಿ ಶಿವಬಸವ್ವ ತನ್ನ ಹಳೇ ಹಸಿರು ಇಳಕಲ್ ಸೀರೆಯನ್ನೇ ತಂದು ಕೈಗಿತ್ತಳು. ಕರೆಂಟಿನ ಕೆಲಸ ಪಕ್ಕದ ಅಂಗಡಿಯ ಕಲಂದರನದು. ಟ್ರಕ್ಕಿನ ಹಾರ್ನು, ದೀಪ ರಿಪೇರಿ ಮಾಡುವ ಕಲಂದರ, ‘ಅಣ್ಣಾ, ಇದಕ್ಕೂ ಹಾರ್ನ್ ಕೂಡ್ಸಲೇನು?’ ಎಂದು ಕೇಳಿ ಬೈಸಿಕೊಂಡಿದ್ದ.

ಕಾಲು ಕೊಟ್ಟು ನಿಲ್ಲಿಸಿದ ಹಲಗೆಯ ಮೇಲೆ ಹಳಿ ದುಂಡಗೆ ಸುತ್ತುತ್ತಿತ್ತು. ನಡುವೆ ಒಂದು ತೂತು. ಸಿದ್ದಪ್ಪ ಹಲಗೆಯ ಅಡಿಯಿಂದ ತೆವಳಿ ಹೋಗಿ ಆ ತೂತಿನಲ್ಲಿ ತಲೆ ಎತ್ತಿದನೆಂದರೆ ಬೆನ್ನಿಗೆ ಬೆಳಗಾವಿ, ಎಡ ಮೊಣಕೈಗೆ ದೇಸೂರು, ಮೂಗಿನ ಮುಂದೆ ಖಾನಾಪುರ. ಬಾವಿಯ ಕಪ್ಪೆಯ ಹಾಗೆ ಅಲ್ಲಿ ಕೂತಾಗ ಅವನಿಗಿದ್ದ ಸುಖ ಅರಮನೆಯಲ್ಲಿದ್ದವರಿಗೂ ಇರಲಿಕ್ಕಿಲ್ಲ.

ಒಂದು ಸೋಮವಾರ ಎಂಜಿನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಗಾಡಿ ಬಿಟ್ಟ. ಶಿವಬಸವ್ವ ಬಗ್ಗಿ ಒಳಗೆ ಇಣುಕಿದಳು. ಗಾಡಿ ಬೆಳಗಾವಿ ಬಿಟ್ಟಿತು, ದೇಸೂರು ದಾಟಿತು, ಹೊಳೆ ದಾಟಿತು, ಖಾನಾಪುರಕ್ಕೆ ಬಂದು ನಿಂತಿತು.

“ಎಲ್ಲಾ ಛಲೋ ಐತ್ರೀ. ನಮ್ಮೂರು ಎಲ್ಲೈತಿ?”

ಅವಳ ತವರು ನೇರಲಗುಂಡಿ. ದೇಸೂರಿಗೂ ಖಾನಾಪುರಕ್ಕೂ ನಡುವೆ, ಹಳಿಯ ಪಕ್ಕಕ್ಕೇ ಇದ್ದ ಊರು. ಆದರೆ ಅಲ್ಲಿ ಸ್ಟೇಷನ್ನಿಲ್ಲ.

“ನಿಮ್ಮೂರಾಗ ಖರೇ ಗಾಡೀನ ನಿಲ್ಲಂಗಿಲ್ಲ. ಇದು ಎಲ್ಲಿ ನಿಂದರಬೇಕು?” ಅಂದ ಸಿದ್ದಪ್ಪ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಗಾದೆಯನ್ನು ಮದುವೆಯಾದ ಗಂಡಸೊಬ್ಬ ಮರೆಯಬಾರದಿತ್ತು.

“ಹೊಲಕ್ಕ ಹಾಸೀರಲ್ಲ, ಆ ಸೀರಿ ಕೊಟ್ಟವರು ಯಾರ್ರೀ?”

“ನಿಮ್ಮವ್ವ.”

“ತವರಿನ ಸೀರಿ ಬೇಕು, ತವರು ಬ್ಯಾಡ?”

ಸಿದ್ದಪ್ಪ ತೂತಿನಿಂದ ತೆವಳಿ ಹೊರಗೆ ಬರುವಷ್ಟರಲ್ಲಿ ಅವಳು ಆಗಲೇ ಚೀಲ ತುಂಬುತ್ತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಸಿಟ್ಟಿಗೂ ತವರಿಗೂ ನಡುವಿನ ದೂರ ಬಹಳ ಕಡಿಮೆಯಾಗಿದೆ. ಹೊಸ್ತಿಲಲ್ಲಿ ನಿಂತು ಹೇಳಿದಳು: “ನಮ್ಮೂರಾಗ ಗಾಡಿ ನಿಂತ ದಿನಾ ಬರ್ತೀನಿ.”

ಮೊದಲು ಸಿದ್ದಪ್ಪ ನಕ್ಕ. ಒಂದು ವಾರ ಖಾನಾವಳಿಯ ರೊಟ್ಟಿ ತಿಂದ ಮೇಲೆ ನಗು ನಿಂತಿತು. ತೂತಿನಲ್ಲಿ ಕೂತು ಗಾಡಿ ಬಿಟ್ಟರೂ ಸುಖವಿಲ್ಲ. ಒಳಗಿನಿಂದ ‘ಚಹಾ ಆರತೈತಿ, ಹೊರಗ ಬರ್ರಿ’ ಎಂದು ಯಾರೂ ಬೈಯದಿದ್ದರೆ ಆ ಗೂಡು ಬರೀ ಗೂಡು. ಮೂವತ್ತು ವರ್ಷ ಜೊತೆಗಿದ್ದವಳು ಇಲ್ಲದ ಮನೆ ಎಷ್ಟು ದೊಡ್ಡದು ಅಂತ ಅವನಿಗೆ ಆಗಲೇ ಗೊತ್ತಾದದ್ದು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಮನೆ ಮುಂದೆ ಟೆಂಪೋ ಬಂದು ನಿಂತಿತು. ಇಳಿದವನು ಶಿವಬಸವ್ವನ ಅಣ್ಣ ಬಾಳಗೌಡ, ಹಿಂದೆ ಏಳೆಂಟು ಮಂದಿ, ಕೈಯಲ್ಲಿ ಬಟ್ಟೆಯ ಬ್ಯಾನರು: ‘ನೇರಲಗುಂಡಿ ರೈಲು ನಿಲುಗಡೆ ಹೋರಾಟ ಸಮಿತಿ’. ಈ ಸಮಿತಿ ಬಾಳಗೌಡನ ಅಪ್ಪನ ಕಾಲದ್ದು. ಅಪ್ಪ ಸತ್ತ ಮೇಲೆ ಹೊಲ ತಮ್ಮಂದಿರಿಗೆ ಹಂಚಿಹೋಯಿತು, ಸಮಿತಿ ಮಾತ್ರ ಇಡಿಯಾಗಿ ಬಾಳಗೌಡನಿಗೆ ಬಂತು. ಪಡಸಾಲೆಯಲ್ಲಿ ನಿಂತು ಎಲ್ಲರೂ ‘ಬೇಕೇ ಬೇಕು, ನಿಲುಗಡೆ ಬೇಕು’ ಎಂದು ಕೂಗಿದರು. ಆಮೇಲೆ ಬಾಳಗೌಡ ಎರಡೂ ಕೈಯಲ್ಲಿ ಮನವಿ ಪತ್ರ ಚಾಚಿದ.

ಸಿದ್ದಪ್ಪ ಎದ್ದು ನಿಂತು ಅದನ್ನು ತೆಗೆದುಕೊಂಡ. ತೆಗೆದುಕೊಂಡ ಕೂಡಲೇ ಅವನಿಗೇನೋ ಆಯಿತು. ಬೆನ್ನು ನೆಟ್ಟಗಾಯಿತು.

“ಪರಿಶೀಲನಾ ಮಾಡ್ತೀವ್ರಿ,” ಅಂದ.

ಬಾಳಗೌಡನ ಕಣ್ಣು ತುಂಬಿ ಬಂತು. “ನೋಡ್ರಿ ಭಾವಾರ, ಎಷ್ಟೋ ಕಚೇರಿ ಅಡ್ಡಾಡೀವಿ. ಎದ್ದು ನಿಂತು ಮನವಿ ತಗೊಂಡವರು ನೀವ ಮೊದಲನೇದವರು.”

“ಆದ್ರ ತಾಂತ್ರಿಕ ಅಡಚಣಿ ಐತ್ರಿ ಗೌಡ್ರ. ಜಾಗಾ ಇಲ್ಲ.”

“ಜಾಗಾ ನಾವು ಕೊಡ್ತೀವ್ರಿ! ನಮ್ಮಪ್ಪ ಆವಾಗನ ಎರಡು ಎಕರೆ ಬಿಟ್ಟು ಕೊಡ್ತೀನಂದಿದ್ದ.”

“ಎರಡು ಎಕರೆ ತಂದು ಪಾವಟಿಗಿ ಬುಡಕ ಎಲ್ಲಿಡ್ಲಿ?”

ಮಾತು ಮುರಿಯಿತು. ಸಿದ್ದಪ್ಪ ಸಿಟ್ಟಿನಿಂದ ತೂತಿಗಿಳಿದು ಗಾಡಿ ಬಿಟ್ಟ. ಬಾಳಗೌಡ ‘ರೈಲು ರೋಕೋ!’ ಎಂದು ತನ್ನ ಎಲೆಅಡಿಕೆಯ ಚಂಚಿಯನ್ನು ಹಳಿಯ ಮೇಲಿಟ್ಟ. ಗಾಡಿ ಬಂತು, ಚಂಚಿಗೆ ಹಾಯಿತು, ಎರಡೂ ಡಬ್ಬಿ ಉರುಳಿ ಮಲಪ್ರಭೆಗೆ ಬಿದ್ದವು. ಬಾಳಗೌಡ ಗೂಡಿನೊಳಗೆ ಬಗ್ಗಿ ಮೆಲ್ಲಗೆ ಕೇಳಿದ: “ಜೀವಹಾನಿ ಏನರೆ...?”

“ಖಾಲಿ ಇತ್ರಿ,” ಅಂದ ಸಿದ್ದಪ್ಪ, ಡಬ್ಬಿಗಳನ್ನು ಹೊಳೆಯಿಂದ ಎತ್ತುತ್ತ.

ಚಹಾ ಕುಡಿಯುವಾಗ ಬಾಳಗೌಡ ದನಿ ತಗ್ಗಿಸಿದ. “ನಮ್ಮ ಸಲುವಾಗಿ ಅಲ್ರಿ. ಅವ್ವನ ಸಲುವಾಗಿ. ಆಕಿ ಆಣಿ ನಿಮಗ ಗೊತ್ತೈತಲ್ಲ.”

ಗೊತ್ತಿತ್ತು. ಅತ್ತೆ ಕಾಡವ್ವ ಎಂಬತ್ತರ ಮುದುಕಿ. ಮದುವೆಯಾಗಿ ನೇರಲಗುಂಡಿಗೆ ಬಂದ ವರ್ಷ, ಹೊಲದ ಬದುವಿನಲ್ಲಿ ನಿಂತು ಗಾಡಿಗೆ ಕೈ ಮಾಡಿದ್ದಳಂತೆ. ಬಸ್ಸು ನಿಲ್ಲುವ ಹಾಗೆ ಅದೂ ನಿಲ್ಲುತ್ತದೆ ಅಂದುಕೊಂಡಿದ್ದಳು. ಅದು ನಿಲ್ಲದೆ ಹೋಯಿತು. ‘ನಮ್ಮೂರಾಗ ನಿಲ್ಲಲಾರದ ಗಾಡಿ ನಾ ಯಾಕ ಹತ್ತಲಿ?’ ಎಂದು ಅಂದೇ ಆಣೆ ಹಾಕಿದಳು. ಚಕ್ಕಡಿಯಲ್ಲಿ ಹೋದಳು, ನಡೆದು ಹೋದಳು, ಬಸ್ಸಿನಲ್ಲಿ ಹೋದಳು. ಗಾಡಿಯ ಮೆಟ್ಟಿಲು ತುಳಿಯಲಿಲ್ಲ. ಮಗಳ ಮದುವೆಯ ದಿಬ್ಬಣ ಗಾಡಿಯಲ್ಲಿ ಹೋದಾಗಲೂ ಒಬ್ಬಳೇ ಟ್ರ್ಯಾಕ್ಟರಿನಲ್ಲಿ ಬಂದಿದ್ದಳು, ಅಕ್ಷತೆ ಮುಗಿದ ಮೇಲೆ.

ಮರುದಿನ ಸಿದ್ದಪ್ಪ ಕಲಂದರನನ್ನು ಕರೆದುಕೊಂಡು ಬಂದು ಗೂಡು ತೋರಿಸಿದ.

“ಬೆಳಗಾವಿ ಜರಾ ಸಣ್ಣದು ಮಾಡ್ರಿ,” ಅಂದ ಕಲಂದರ.

“ಜಿಲ್ಲಾ ಕೇಂದ್ರಪಾ ಅದು!”

“ದೇಸೂರ ತಗೀರಿ.”

“ಅವರೂ ಬ್ಯಾನರ್ ಹಿಡ್ಕೊಂಡು ಬಂದ್ರ?”

“ಖಾನಾಪುರ?”

“ನಾ ಹುಟ್ಟಿದ ಊರಲೇ!”

ಕಲಂದರ ಸುಮಾರು ಹೊತ್ತು ಬಗ್ಗಿ ನೋಡಿ ಹೇಳಿದ: “ಹಂಗಾರ ಒಂದ ಜಾಗಾ ಖಾಲಿ ಐತಿ ಅಣ್ಣಾ. ನೀವು ಕುಂದರೂದು.”

ಆ ತೂತು ಮುಚ್ಚಿದರೆ ಅವನು ಒಳಗೆ ಹೋಗುವಂತಿಲ್ಲ. ಪರರ ಹಾಗೆ ಹೊರಗೆ ಬೋರಲು ಬಿದ್ದು ಇಣುಕಬೇಕು. ಎರಡು ದಿನ ಅಂಗಡಿಯಲ್ಲಿ ಯಾರ ಸೀಟು ಹೊಲಿದರೂ ಹೊಲಿಗೆ ಸೊಟ್ಟ ಬಂತು. ಮೂರನೆಯ ದಿನ ಹಲಗೆ ತಂದು ತೂತು ಮುಚ್ಚಿದ. ಅದರ ಮೇಲೆ ಹಳಿ ತಿರುಗಿಸಿ, ಬೂದು ರೆಕ್ಸಿನ್ನಿನ ಪ್ಲಾಟ್‌ಫಾರ್ಮ್ ಬಿಗಿದು, ಒಂದು ನೇರಳೆ ಮರ ನೆಟ್ಟು, ಹಳದಿ ಫಲಕದ ಮೇಲೆ ಕರಿ ಅಕ್ಷರದಲ್ಲಿ ‘ನೇರಲಗುಂಡಿ’ ಎಂದು ಬರೆದ. ಕೈಬರಹ ಇಷ್ಟು ಚೆನ್ನಾಗಿ ಅವನಿಗೆ ಯಾವತ್ತೂ ಬಂದಿರಲಿಲ್ಲ.

ಉದ್ಘಾಟನೆಗೆ ಟೆಂಪೋ ಮತ್ತೆ ಬಂತು. ಬಾಳಗೌಡ, ಸಮಿತಿ, ಕಾಡವ್ವ, ಕೊನೆಗೆ ಚೀಲ ಹಿಡಿದ ಶಿವಬಸವ್ವ. ಅವಳು ಗಂಡನ ಮುಖ ನೋಡಲಿಲ್ಲ, ನೆಟ್ಟಗೆ ಗೂಡಿಗೇ ಬಂದು ಇಣುಕಿದಳು. ಫಲಕ ಓದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ಒಣಗೀರಲ್ರಿ, ಊಟ ಮಾಡೀರೋ ಇಲ್ಲೋ?” ಅಂದಳು. ಸಿದ್ದಪ್ಪನಿಗೆ ಅಲ್ಲಿಗೇ ಎಲ್ಲ ಗೆದ್ದಂತಾಯಿತು.

ಆದರೆ ಗಾಡಿ ಬಿಡುವುದು ಹೇಗೆ? ಕಲಂದರ ಮಹಾಶಯ ಸ್ವಿಚ್ಚನ್ನು ಮೊದಲೇ ಒಳಗಿನ ಮೂಲೆಯ ಗೋಡೆಗೆ ಬಡಿದಿದ್ದ. ಯಾರ ಕೈಯೂ ನಿಲುಕದು. ತೂತು ಮುಚ್ಚಿದ ಮೇಲೆ ಉಳಿದ ಸಂದಿಗೆ ಸಿದ್ದಪ್ಪನ ಹೊಟ್ಟೆ ಹೋಗದು, ಬಾಳಗೌಡನ ಹೆಗಲು ಹೋಗದು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಕಾಡವ್ವ ಸೀರೆ ಎತ್ತಿ ಕಟ್ಟಿ, ಹಲಗೆಯ ಅಡಿ ನುಸುಳಿ, ಮೂಲೆಯಲ್ಲಿ ಒಂದು ಬುಟ್ಟಿ ಇಡುವಷ್ಟು ಉಳಿದಿದ್ದ ಸಂದಿಯಲ್ಲಿ ಕುಕ್ಕರಿಸಿಬಿಟ್ಟಳು. ವಯಸ್ಸು ಅವಳನ್ನು ಅಷ್ಟು ಸಣ್ಣಗೆ ಮಾಡಿತ್ತು. “ಇಲ್ಲೇ ನೋಡು ನಮ್ಮ ಹೊಲಾ,” ಅಂದಳು, ಹಸಿರು ಸೀರೆ ಸವರುತ್ತ.

ಅವಳೇ ಸ್ವಿಚ್ಚು ಒತ್ತಿದಳು. ಗಾಡಿ ಬೆಳಗಾವಿ ಬಿಟ್ಟಿತು, ದೇಸೂರು ದಾಟಿತು. ಕಾಡವ್ವ ಕೈ ಎತ್ತಿ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಸ್ವಿಚ್ಚು ಆರಿಸಿದಳು. ನೇರಲಗುಂಡಿಯಲ್ಲಿ ಗಾಡಿ ನಿಂತಿತು. ಕಾಯಿ ಒಡೆದರು, ಜಯಕಾರ ಹಾಕಿದರು, ಬಾಳಗೌಡ ಬಿಕ್ಕಿ ಬಿಕ್ಕಿ ಅತ್ತ.

“ಇನ್ನ ಬಿಡ್ರಿ ಅತ್ತಿ, ಖಾನಾಪುರಕ್ಕ ಹೋಗ್ಲಿ,” ಅಂದ ಸಿದ್ದಪ್ಪ.

“ಏನ್ ಗಡಬಡಿ ಅದ ಅಳಿಯಂದ್ರ? ಇಷ್ಟ ವರ್ಷ ನಾ ಕಾದೀನಿ, ಈಗ ಅದು ಕಾಯ್ಲಿ. ನಮ್ಮೂರಾಗ ನಿಂತತು ಅಂದ ಮ್ಯಾಲೆ ನನ್ನ ಆಣಿ ತೀರ್ತು. ನಾ ಹತ್ತಬೇಕು. ನಾ ಹತ್ತಿ ಬರೂತನ ಇದು ಇಲ್ಲೇ ನಿಂದರ್ಲಿ.”

ಮುದುಕಿಯ ಎದುರು ಯಾರು ಮಾತಾಡುತ್ತಾರೆ? ಆ ಮಧ್ಯಾಹ್ನವೇ ಎಲ್ಲರೂ ಬೆಳಗಾವಿ ಸ್ಟೇಷನ್ನಿಗೆ ಹೋಗಿ ಖಾನಾಪುರದ ಪ್ಯಾಸೆಂಜರ್ ಹತ್ತಿದರು. ಕಾಡವ್ವ ಕಿಟಕಿಗೆ ಕೂತು ಎರಡೂ ಕೈಯಲ್ಲಿ ಸರಳು ಹಿಡಿದಿದ್ದಳು. ದೇಸೂರು ದಾಟಿತು. ನೇರಳೆ ಮರ ಬಂತು, ಹೊಲದ ಬದು ಬಂತು, ಹೋಯಿತು. ಗಾಡಿ ನಿಲ್ಲಲಿಲ್ಲ. ಬಾಳಗೌಡ ತಲೆ ತಗ್ಗಿಸಿದ. ಸಿದ್ದಪ್ಪನಿಗೆ ತಾನೇ ಏನೋ ತಪ್ಪು ಮಾಡಿದ ಹಾಗೆ ಮುಖ ಸಣ್ಣದಾಯಿತು.

ಕಾಡವ್ವ ಮಾತ್ರ ಹಿಂದೆ ಓಡುತ್ತಿದ್ದ ತನ್ನ ಹೊಲವನ್ನು ಮರೆಯಾಗುವ ತನಕ ನೋಡಿ, ಸಮಾಧಾನದಿಂದ ಈ ಕಡೆ ತಿರುಗಿದಳು.

“ಪಾಪ, ಇದಕ್ಕ ನಮ್ಮೂರು ಗೊತ್ತಿಲ್ಲ. ಖರೇ ಗಾಡಿ ಮನ್ಯಾಗ ನಿಂತೈತಿ ಬಿಡ್ರಿ.”

ಸಂಜೆ ಅನಗೋಳಕ್ಕೆ ಮರಳಿದ ಮೇಲೆ ಸಮಿತಿಯವರು ಕಾಡವ್ವನನ್ನು ಕರೆದುಕೊಂಡು ಟೆಂಪೋದಲ್ಲಿ ಊರಿಗೆ ಹೋದರು. ಹೋಗುವಾಗ ಮುದುಕಿ ಅಪ್ಪಣೆ ಕೊಟ್ಟಳು: “ಇನ್ನ ಬೇಕಾರ ಬಿಡ್ರಿ.” ಸಿದ್ದಪ್ಪ ಗೂಡಿನ ಬಾಯಿಗೆ ಬೋರಲು ಮಲಗಿ, ಹುಡುಕಿ ತಂದ ಉದ್ದನೆ ಕೋಲೊಂದನ್ನು ಒಳಗೆ ಚಾಚಿ ಸ್ವಿಚ್ಚಿಗೆ ಮುಟ್ಟಿಸಿದ, ಒತ್ತಲಿಲ್ಲ. ಗಾಡಿ ನೇರಲಗುಂಡಿಯಲ್ಲಿ, ನೇರಳೆ ಮರದ ಪಕ್ಕ, ತವರಿನ ಸೀರೆಯ ಅಂಚಿನಲ್ಲಿ ನಿಂತಿತ್ತು.

ಒಳಗಿನಿಂದ ಶಿವಬಸವ್ವ ಕೂಗಿದಳು: “ಚಹಾ ಆರತೈತ್ರಿ. ಗಾಡಿ ಬಿಡಂಗಿಲ್ಲೇನು?”

ಸಿದ್ದಪ್ಪ ಕೋಲು ಹಿಂದಕ್ಕೆ ಎಳೆದುಕೊಂಡ.

“ತಡಿ. ಹತ್ತೋರು ಇನ್ನೂ ಬರಾಕತ್ತಾರ.”