ಹಳ್ಳದ ದಂಡೆಯ ಬಾಣಂತಿಯರು

ಬೆಳಿಗ್ಗೆಯಿಂದ ಹಸಿ ಮಣ್ಣಿನ ವಾಸನೆ. ಮಳೆಯದಲ್ಲ, ಬೋಗಾದಿಯ ನಮ್ಮ ಬೀದಿಯಲ್ಲಿ ಮನೆಮನೆಗೆ ಗ್ಯಾಸ್ ಕೊಡಲು ನೆಲ ಅಗೆಯುತ್ತಿದ್ದಾರೆ. ಕಿಟಕಿ ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ. ಅಷ್ಟರಲ್ಲಿ ಹಾಲು ಉಕ್ಕಿಹೋಯಿತು. ಈ ವಾಸನೆಗೆ ನಮ್ಮ ಓನರಮ್ಮ ನೆನಪಾಗುತ್ತಾರೆ. ನೆನಪಾದರೆ ಕೂತಲ್ಲಿ ಕೂರಲಾಗುವುದಿಲ್ಲ.

ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು, ಇಂದಿಗೂ ಇದ್ದೇವೆ. ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗಿನ ಹೆಂಗಸು. ಗದ್ದೆಯೆಲ್ಲ ಸೈಟಾದರೂ ನಾಲಿಗೆ ಮಾತ್ರ ಹಳ್ಳಿಯದೇ. ಲಕ್ಷ್ಮೀಪುರಂನಲ್ಲಿ ನಲ್ಲಿ ನೀರು ಕುಡಿದು ಬೆಳೆದವಳೆಂದು ನನ್ನನ್ನು ಆಡಿಕೊಳ್ಳುತ್ತಿದ್ದರು. ಬಡಾವಣೆಯ ಹಿಂದೆ ಒಂದು ಹಳ್ಳವಿತ್ತು. ಬೇಸಿಗೆಯಲ್ಲೂ ಪಾದ ನೆನೆಯುವಷ್ಟು ನೀರು. ಮಳೆ ಬಂದರೆ ಮೇಲಿನ ನೀರೆಲ್ಲ ಅದರಲ್ಲೇ ಇಳಿದು ಕೆರೆ ಸೇರಬೇಕು, ಬೇರೆ ದಾರಿಯಿಲ್ಲ. ಗ್ಯಾಸಿನ ದೊಡ್ಡ ಪೈಪನ್ನು ಆ ಹಳ್ಳದ ಉದ್ದಕ್ಕೇ ಹೂಳುತ್ತಾರೆಂದು ಗೊತ್ತಾದಾಗ ಬಡಾವಣೆಯ ಸಂಘದವರು ಬ್ಯಾನರು ಹಿಡಿದು ಕೆರೆ ಉಳಿಸಿ ಎಂದು ಕೂಗಿದರು. ಓನರಮ್ಮನ ಸಂಕಟ ಬೇರೆಯೇ. ಗುಂಡಿ ತೋಡಲು ಗೊತ್ತು ಮಾಡಿದ್ದ ಜೆಸಿಬಿ ಅವರ ಮಗನದೇ.

ಆ ಮಗನ ಹೆಂಡತಿ ಆಗಷ್ಟೇ ಬಾಣಂತನ ಮುಗಿಸಿದ್ದಳು. ಕೆಲಸದ ಮೊದಲ ದಿನ ಬೆಳಿಗ್ಗೆ ಅವನು ಜೆಸಿಬಿ ತಂದರೆ, ಹಳ್ಳದ ದಂಡೆಯಲ್ಲಿ ಹೆಂಡತಿಯೇ ಅರಿಸಿನ ಕುಂಕುಮದ ತಟ್ಟೆ ಹಿಡಿದು ಕೂತಿದ್ದಾಳೆ, ಪಕ್ಕದಲ್ಲಿ ಅವನ ತಾಯಿ! ಗಂಗೆಪೂಜೆ ಮಾಡಿ ನೀರು ತಂದ ಮೇಲೇ ಅಲ್ಲವೇ ಬಾಣಂತಿ ಅಡುಗೆಮನೆಗೆ ಕಾಲಿಡುವುದು? ಅದಕ್ಕೆ ಅಡ್ಡ ಬರುವ ಧೈರ್ಯ ಯಾವ ಗಂಡಸಿಗಿದೆ... ಎಂಜಿನ್ ಆರಿಸಿ, ಚಪ್ಪಲಿ ಬಿಟ್ಟು, ಕೈಮುಗಿದು ನಿಂತ.

ಮರುದಿನ ನನ್ನ ಸರದಿ. ನಾನು ಮಗು ಎತ್ತಿಕೊಂಡು ತವರಿನಿಂದ ಬಂದು ವಾರವೂ ಆಗಿರಲಿಲ್ಲ. ಅಮ್ಮನ ಮನೆಯಲ್ಲೇ ಪೂಜೆ ಆಯಿತು ಎಂದು ಓನರಮ್ಮನಿಗೆ ಹೇಳಿದೆ.

"ನಲ್ಲಿಗೆ ಮಾಡಿದ್ದೂ ಒಂದ್ ಪೂಜೆಯೇನವ್ವಾ? ಎದ್ ಬಾ."

ಆಮೇಲೆ ಸುತ್ತಮುತ್ತ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಹುಡುಕಿ ಹುಡುಕಿ ದಿನಕ್ಕೊಬ್ಬಳಂತೆ ಕರೆತಂದರು. ಕಟ್ಟಡ ಕೆಲಸಕ್ಕೆ ರಾಯಚೂರಿನಿಂದ ಬಂದಿದ್ದ ಹುಡುಗಿ ಬಂದಳು. ಲಷ್ಕರ್ ಮೊಹಲ್ಲಾದಿಂದ ನಮ್ಮ ಬೀದಿಗೆ ಬಾಡಿಗೆಗೆ ಬಂದಿದ್ದ ಮುಸ್ಲಿಂ ಮನೆಯ ಸೊಸೆ, ಪೂಜೆ ನಮ್ಮಲ್ಲಿಲ್ಲ ಎಂದರೂ, ಮಗುವಿನೊಡನೆ ಬಂದು ಸುಮ್ಮನೆ ಕೂತು ಹೋದಳು. ಕೆಲಸ ನಿಂತೇ ಇತ್ತು. ನಮಗೆಲ್ಲ ಒಳಗೊಳಗೇ ನಗು.

ಕೊನೆಗೆ ಪೈಪು ಹಾಕುವ ಕಂಪನಿಯ ಎಂಜಿನಿಯರ್ ಮಾತುಕತೆಗೆ ಬಂದರು. ಸರಿ, ಹಳ್ಳ ಬಿಡುತ್ತೇವೆ, ಪೈಪನ್ನು ನಿಮ್ಮ ಬೀದಿಯಲ್ಲೇ ತರುತ್ತೇವೆ, ಆದರೆ ಎಲ್ಲರ ಗೇಟಿನ ಮುಂದಿರುವ, ಕಾರು ಹತ್ತಿಸುವ ರ‍್ಯಾಂಪು ಒಡೆಯಬೇಕು ಎಂದರು. ಮುಗಿಯಿತು. ಗ್ರಾನೈಟು ಹೋಗುತ್ತದೆ, ಕಾರು ಎಲ್ಲಿ ನಿಲ್ಲಿಸುವುದು, ಧೂಳು ಕುಡಿಯಬೇಕೇ... ಬ್ಯಾನರು ಹಿಡಿದವರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ! ಮೊದಲು ನನ್ನ ಮನೆ ಮುಂದಿನದನ್ನೇ ಒಡೆಯಿರಿ ಎನ್ನುತ್ತ ಓನರಮ್ಮ ಪ್ರತಿ ಗೇಟನ್ನೂ ತಟ್ಟಿದರು. ಊಹೂಂ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಜೆಸಿಬಿ ಮತ್ತೆ ಹಳ್ಳಕ್ಕೇ ಹೋಯಿತು. ಮಗ ತನ್ನಿಂದಾಗದು, ಬೇರೆ ಯಾರಾದರೂ ಮಾಡಿಕೊಳ್ಳಲಿ ಎಂದು ಇಳಿದುಬಿಟ್ಟ. ಓನರಮ್ಮ ಅವನ ತೋಳು ಹಿಡಿದರು.

"ನೀನೇ ತೋಡು ಕಣ್ಲಾ. ಬ್ಯಾರೆಯವ್ನಿಗೆ ನೀರು ಎಲ್ ತಿರುಗ್ತದೆ ಅಂತ ಏನ್ ಗೊತ್ತು? ನೀನಾದ್ರೆ ಅದ್ರಲ್ಲೇ ಆಡಿ ಬೆಳ್ದಿದ್ದೀಯ."

ಅಳುತ್ತಲೇ ತೋಡಿದ. ಎಷ್ಟು ಜೋಪಾನ ಮಾಡಿದರೇನು, ಮೊದಲ ದೊಡ್ಡ ಮಳೆಗೇ ಪೈಪಿನ ಮೇಲೆ ಮುಚ್ಚಿದ್ದ ಮಣ್ಣು ಕುಸಿದು ಹಳ್ಳ ಕಟ್ಟಿಕೊಂಡಿತು. ಕೆರೆಗೆ ನೀರು ಬರಲಿಲ್ಲ. ಓನರಮ್ಮ ದಿನಾ ಸನಿಕೆ ಹಿಡಿದು ಹೋಗಿ ಮಣ್ಣು ತೆಗೆಯುತ್ತಿದ್ದರು. ಬೇಡ ಎಂದರೆ ಕೇಳುವ ಜೀವವೇ ಅದು? ಒಂದು ದಿನ ಅಲ್ಲೇ ಬಿದ್ದರು... ಮತ್ತೆ ಏಳಲಿಲ್ಲ.

ಇವತ್ತು ನಮ್ಮ ಬೀದಿಯ ರ‍್ಯಾಂಪುಗಳು ಒಂದೊಂದಾಗಿ ಒಡೆದು ಬೀಳುತ್ತಿವೆ. ಯಾರೂ ಚಕಾರ ಎತ್ತಿಲ್ಲ. ಅಂದು ಗ್ರಾನೈಟಿಗಾಗಿ ಕಿರುಚಾಡಿದ ಎದುರುಮನೆಯವರು ಅಗೆಯುವವರಿಗೆ ಕಾಫಿ ಕೊಟ್ಟು, ನಮ್ಮನೆಗೆ ಮೊದಲು ಮಾಡಿಕೊಡಿ ಎನ್ನುತ್ತಿದ್ದಾರೆ. ಓನರಮ್ಮ ಬೇಕಿತ್ತು ನನಗೆ, ಈಗ, ಈ ಬೀದಿಯನ್ನು ಬೈಯಲು.

ಹಾರೆ ನಮ್ಮ ಗೇಟಿನ ಹತ್ತಿರ ಬಂದಾಗ ಅವರ ಮಗ ಹೊರಗೆ ಬಂದ. ಮುಟ್ಟಬೇಡಿ, ಈ ಮನೆಗೆ ಗ್ಯಾಸ್ ಬೇಡ ಎಂದ. ಯಾಕೆ ಸಾರ್ ಎಂದರು ಅಗೆಯುವವರು.

"ನಮ್ಮವ್ವ ಒಡೀರಿ ಅಂದಾಗ ಯಾರೂ ಒಡೀಲಿಲ್ಲ" ಎಂದು ಹೇಳಿ ಒಳಗೆ ಹೋದ.